ಆ ಕರು ಬದುಕಿತೇ?

ಮಾರ್ಚ್ ೩

ಉಣ್ಣಿಗೆ ಮಾವನ ಆಶೀರ್ವಾದ.

ಇಷ್ಟು ದೊಡ್ಡವಳಾದ ಮೇಲೂ ಉಣ್ಣಿ ಎನ್ನುತ್ತಾನಲ್ಲ ಎಂದು ಮುಖ ಸಿಂಡರಿಸಬೇಡ. ಚಿಕ್ಕವಳಿದ್ದಾಗ ನನ್ನ ಸ್ಕೂಟರಿನ ಹಿಂದೆ ಕೂತು ಬೆನ್ನಿಗೆ ಕಚ್ಚಿಕೊಂಡೆಯೆಂದರೆ ಬಿಡಿಸಲು ಇಬ್ಬರು ಬೇಕಾಗುತ್ತಿತ್ತು. ಆ ಹೆಸರು ಇಟ್ಟವನು ನಾನು. ತೆಗೆಯುವ ಅಧಿಕಾರವೂ ನನ್ನದೇ.

ಫೋನು ಮಾಡಬಹುದಿತ್ತು. ನನ್ನ ಕಿವಿಯ ಕಥೆ ನಿಮ್ಮಮ್ಮ ಹೇಳಿರಬೇಕು. ನಾನು ಫೋನಿನಲ್ಲಿ ಮಾತಾಡಿದರೆ ಬೀದಿಯವರಿಗೆಲ್ಲ ಕೇಳುತ್ತದೆ, ನನಗೊಬ್ಬನಿಗೆ ಕೇಳುವುದಿಲ್ಲ. ಅದಕ್ಕೇ ಕಾಗದ. ನೀನು ಪಶುವೈದ್ಯ ಕಾಲೇಜನ್ನು ನಡುವೆ ಬಿಟ್ಟ ವಿಷಯಕ್ಕೆ ಬರೆಯುತ್ತಿಲ್ಲ. ಅದು ಮುಗಿದ ಮಾತು.

ವಿಷಯ ಇದು. ಈ ಸಲ ಬಿಸಿಲು ಬಲಿಯುವ ಮುಂಚೆಯೇ ಉಣ್ಣಿಜ್ವರ ಶುರುವಾಯಿತು. ಲಕ್ಷಣ ನಿನಗೆ ಮರೆತಿರಲಾರದು. ಉಣ್ಣಿ ಕಚ್ಚಿದ ದನಕ್ಕೆ ಹೆಗಲ ಮುಂದಿನ ಗಂಟು ನಿಂಬೆಹಣ್ಣಿನಷ್ಟು ಊದುತ್ತದೆ, ಜ್ವರ ಏರುತ್ತದೆ, ಹಾಲು ಇಳಿಯುತ್ತದೆ, ಕಣ್ಣಿನ ಒಳರೆಪ್ಪೆ ಬಿಳುಚಿಕೊಳ್ಳುತ್ತದೆ. ರಕ್ತದ ಸ್ಲೈಡಿನಲ್ಲಿ ಕ್ರಿಮಿ ಕಂಡರೆ ಆ ಕೆಂಪು ಔಷಧವನ್ನು ಕುತ್ತಿಗೆಯ ಮಾಂಸಕ್ಕೆ ಚುಚ್ಚುತ್ತೇನೆ. ಇಷ್ಟು ವರ್ಷ ಹತ್ತಕ್ಕೆ ಒಂಬತ್ತು ದನ ಎದ್ದು ಮೇವಿಗೆ ಬಾಯಿ ಹಾಕುತ್ತಿದ್ದವು. ಈ ಸಲ ಆರು ಸತ್ತವು. ಆರಕ್ಕೂ ಚುಚ್ಚಿದವನು ನಾನೇ.

ಹಾಲಿನ ಸಂಘದವರು ಕರೆಸಿದರು. ಅಲ್ಲಿಗೆ ಹೊಸದಾಗಿ ಬಂದಿರುವ ಡಾಕ್ಟರಮ್ಮ ಒಳ್ಳೆಯ ಹುಡುಗಿ, ಆದರೆ ಮುಖಕ್ಕೆ ಹೊಡೆದ ಹಾಗೆ ಮಾತಾಡುತ್ತಾಳೆ. "ಔಷಧಿ ಸರಿಯಾಗಿದೆ ಸರ್. ಡೋಸ್ ಕಮ್ಮಿ ಬಿದ್ದಿದೆ" ಅಂದಳು. ಅಧ್ಯಕ್ಷರು ನನ್ನ ಮುಖ ನೋಡಲಿಲ್ಲ. ಮೇಜಿನ ಮೇಲಿನ ಲೋಟವನ್ನು ತಿರುಗಿಸುತ್ತಾ, "ವಯಸ್ಸಾದ್ಮೇಲೆ ಯಾರಿಗೂ ಕೈ ಒಂದೇ ಥರ ಇರಲ್ಲ ಬಿಡಿ ಡಾಕ್ಟ್ರೇ" ಅಂದರು. ಸೆಪ್ಟೆಂಬರಿನ ವಾರ್ಷಿಕ ಸಭೆಯಲ್ಲಿ ತೀರ್ಮಾನವಂತೆ. ಅಲ್ಲಿ ಹೆಸರು ಕೆಟ್ಟರೆ ಇಲ್ಲಿನ ಒಂದು ಕೊಟ್ಟಿಗೆಯೂ ನನ್ನನ್ನು ಕರೆಯುವುದಿಲ್ಲ.

ಹೆಸರಿನ ಮಾತು ಒಂದು ಕಡೆ ಇರಲಿ. ನನಗೆ ತಿಳಿಯಬೇಕಾದದ್ದು ಇಷ್ಟು: ನಾನು ತಪ್ಪಿದೆನೋ, ಕ್ರಿಮಿ ಬದಲಾಯಿತೋ? ಲೋಕದ ಕ್ರಿಮಿಗಳ ಜಾತಕವೆಲ್ಲ ನೀನು ಕೆಲಸ ಮಾಡುವ ಕಡೆ ಕಂಪ್ಯೂಟರಿನಲ್ಲಿದೆ ಎಂದು ನಿಮ್ಮಮ್ಮ ಹೇಳುತ್ತಾಳೆ. ನನ್ನ ಪ್ರಶ್ನೆಗೆ ಅದರಲ್ಲಿ ಉತ್ತರ ಇದೆಯೇ?

ಕಾಯುತ್ತಿರುವ
ಮಾವ


ಮಾರ್ಚ್ ೧೫

ಮಾವನಿಗೆ ನಮಸ್ಕಾರ.

ನಿಮ್ಮ ಅಕ್ಷರ ನೋಡಿ ಎಷ್ಟು ಕಾಲವಾಗಿತ್ತು! ಲಕೋಟೆಯನ್ನು ಸ್ವಲ್ಪ ಹೊತ್ತು ಒಡೆಯದೆ ಇಟ್ಟುಕೊಂಡಿದ್ದೆ.

ನನ್ನ ಕೋಣೆಯನ್ನು ಕಂಡರೆ ನೀವು ನಗುತ್ತೀರಿ. ಮೂರು ಮೇಜು, ಮೂರು ಕಂಪ್ಯೂಟರು, ನೀರಿನ ಟ್ಯಾಂಕಿನ ಕಡೆ ತೆರೆಯುವ ಒಂದು ಕಿಟಕಿ. ಕ್ರಿಮಿಗಳ ಮೇಲೆ ಕೆಲಸ ಮಾಡುವ ಈ ಜಾಗದಲ್ಲಿ ಒಂದು ಸೂಕ್ಷ್ಮದರ್ಶಕವೂ ಇಲ್ಲ. ಅದೆಲ್ಲ ಕೆಳಗಿನ ಮಹಡಿಯ ಲ್ಯಾಬಿನಲ್ಲಿ. ಅಮ್ಮ ಜಾತಕ ಎಂದದ್ದು ತಪ್ಪೇನಲ್ಲ, ಆದರೆ ಭವಿಷ್ಯ ಹೇಳುವುದು ನಮಗೆ ಬರುವುದಿಲ್ಲ.

ನಿಮ್ಮ ಆ ಕ್ರಿಮಿಯ ಒಳಗೆ ಅದು ಹೇಗೆ ಬಾಳಬೇಕೆಂಬ ಪೂರ್ತಿ ಬರಹ ಇದೆ. ಅಕ್ಷರ ನಾಲ್ಕೇ. ಆ ನಾಲ್ಕೇ ಹಿಂದುಮುಂದಾಗಿ ಸುಮಾರು ಎಂಬತ್ತು ಲಕ್ಷ ಸಲ ಬರುತ್ತವೆ. ಯಾವುದೋ ದೇಶದ ಲ್ಯಾಬಿನವರು ಒಂದು ಕ್ರಿಮಿಯ ಬರಹವನ್ನು ಓದಿದರೆ ನಮ್ಮ ಜಾಲತಾಣಕ್ಕೆ ಏರಿಸುತ್ತಾರೆ. ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಅದರಲ್ಲಿನ ಒಂದೊಂದು ಜೀನಿಗೂ ಒಂದೊಂದು ಪುಟ ಇದೆ. ಆ ಜೀನು ಏನು ಮಾಡುತ್ತದೆಂದು ಯಾರಾದರೂ ಪ್ರಯೋಗ ಮಾಡಿ ಬರೆದಿದ್ದರೆ, ಅದನ್ನು ಓದಿ, ಪುಟಕ್ಕೆ ಎರಡು ಸಾಲಿನ ಟಿಪ್ಪಣಿ ಸೇರಿಸುವುದು ನನ್ನ ಕೆಲಸ. ಹೆಚ್ಚುಕಡಿಮೆ ಅರ್ಧ ಪುಟಗಳ ಮೇಲೆ "ಕೆಲಸ ತಿಳಿದಿಲ್ಲ" ಎಂದೇ ಇದೆ. ಮೊದಮೊದಲು ಅದನ್ನು ಕಂಡರೆ ಬೇಸರವಾಗುತ್ತಿತ್ತು. ಈಗ ಆ ಪುಟಗಳನ್ನೇ ಮೊದಲು ತೆರೆಯುತ್ತೇನೆ.

ಒಂದೊಂದು ಜಾತಿಯ ಕ್ರಿಮಿಗೂ ಒಂದು ಮಾದರಿ ಪ್ರತಿ ಇರುತ್ತದೆ. ಹೊಸದಾಗಿ ಓದಿದ್ದನ್ನೆಲ್ಲ ಮಾದರಿಯ ಪಕ್ಕದಲ್ಲಿಟ್ಟು ಎಲ್ಲಿ ಅಕ್ಷರ ಬೇರೆಯಾಗಿದೆ ಎಂದು ನೋಡುತ್ತೇವೆ. ನಿಮ್ಮ ಕೆಂಪು ಔಷಧ ಕ್ರಿಮಿಯ ಒಂದು ಪ್ರೋಟೀನಿನ ಮೇಲೆ ಹೋಗಿ ಕೂರುತ್ತದೆ. ಆ ಕೂರುವ ಜಾಗದ ಆಕಾರ ಬದಲಾದರೆ ಔಷಧಕ್ಕೆ ಕೂರಲಾಗದು, ಕ್ರಿಮಿ ಬದುಕಿಕೊಳ್ಳುತ್ತದೆ. ಆದ್ದರಿಂದ ಆ ಪ್ರೋಟೀನಿನ ಜೀನು ಒಂದನ್ನು ಓದಿದರೆ ಸಾಕು.

ಔಷಧ ಕೊಡುವ ಮುಂಚೆ ತೆಗೆದ ಆ ಆರು ದನಗಳ ಸ್ಲೈಡು ಇಟ್ಟುಕೊಂಡಿದ್ದೀರಾ? ಒಣಗಿದ ರಕ್ತದಿಂದಲೂ ಓದಬಹುದು ಎನ್ನುತ್ತಾಳೆ ಲ್ಯಾಬಿನ ಗೆಳತಿ.

ನಾನು ದನ ಮುಟ್ಟಿ ಎಷ್ಟೋ ವರ್ಷವಾಯಿತು, ಮಾವ. ಆದರೂ ನೀವು ಗಂಟಿನ ವಿಷಯ ಬರೆದಿದ್ದನ್ನು ಓದುವಾಗ ಬೆರಳು ತಾವಾಗಿ ಮಡಚಿಕೊಂಡವು, ಒತ್ತಿ ನೋಡುವವರ ಹಾಗೆ.

ನಿಮ್ಮ
ಉಣ್ಣಿ


ಮಾರ್ಚ್ ೨೭

ಉಣ್ಣಿ,

ಸ್ಲೈಡು ಎಸೆಯದ ಚಟ ನನಗೆ. ನಿಮ್ಮತ್ತೆ ಅದಕ್ಕಾಗಿ ಇಷ್ಟು ವರ್ಷ ಬೈದಳು. ಈಗ "ಬೈದಿದ್ದಕ್ಕೇ ಜೋಪಾನವಾಗಿ ಇಟ್ರಿ" ಎಂದು ಅದರ ಶ್ರೇಯಸ್ಸನ್ನೂ ತಾನೇ ತೆಗೆದುಕೊಳ್ಳುತ್ತಿದ್ದಾಳೆ. ಆರನ್ನೂ ಹತ್ತಿಯಲ್ಲಿ ಸುತ್ತಿ, ಕನ್ನಡಕದ ಹಳೆಯ ಡಬ್ಬಿಗಳಲ್ಲಿಟ್ಟು ಕಳಿಸಿದ್ದೇನೆ. ಯಾವುದು ಯಾರ ದನದ್ದೆಂದು ಅಂಚಿನಲ್ಲಿ ಗೀಚಿದೆ.

ಆರರಲ್ಲಿ ಎರಡು, ಇಲ್ಲಿನ ದನದ ಶೆಡ್ಡುಗಳ ಸಾಲಿನಲ್ಲಿ ಕೊನೆಯ ಶೆಡ್ಡಿನ ಹೆಂಗಸಿನವು. ಎಲ್ಲರೂ ಅವಳನ್ನು ಹಿಂಡಿಯಮ್ಮ ಅನ್ನುತ್ತಾರೆ. ತಾನು ಉಪವಾಸವಿದ್ದಾಳು, ದನಕ್ಕೆ ಹಿಂಡಿ ತಪ್ಪಿಸುವವಳಲ್ಲ. ಸಾಲಿನಲ್ಲೇ ದೊಡ್ಡ ಹಸುಗಳು ಅವಳವು, ಮೈ ಕನ್ನಡಿಯಂತೆ ಹೊಳೆಯುತ್ತಿತ್ತು. ಅವಳ ಹತ್ತಿರ ಇದ್ದದ್ದು ಎರಡೇ, ಎರಡೂ ಹೋದವು. ಮೊನ್ನೆ ದಾರಿಯಲ್ಲಿ ಎದುರಾದಳು. ನಾನು ಸ್ಕೂಟರು ನಿಲ್ಲಿಸಿದೆ, ಅವಳು ನಿಲ್ಲಲಿಲ್ಲ. ಸ್ವಲ್ಪ ಮುಂದೆ ಹೋಗಿ ತಿರುಗಿ, "ಕೊಟ್ಟಿಗೆ ಖಾಲಿಯಾಯ್ತಲ್ಲ ಡಾಕ್ಟ್ರೇ, ಇನ್ಯಾರಿಗ್ ಚುಚ್ಚೋಕ್ ಬಂದ್ರಿ?" ಅಂದಳು. ನನ್ನ ಕಿವಿಗೂ ಕೇಳುವಷ್ಟು ಜೋರಾಗಿ ಅಂದಳು.

ಉಳಿದವರು ಹಾಗೆ ಬೈಯುವುದಿಲ್ಲ. ನಾನು ಬಂದರೆ ಸುಮ್ಮನಾಗುತ್ತಾರೆ. ಬೈಗುಳವೇ ವಾಸಿ.

ಔಷಧ ಅಳೆದು ತುಂಬುವಾಗ ನನ್ನ ಕೈ ನಡುಗುವುದಿಲ್ಲ. ಕನ್ನಡಕದಲ್ಲಿ ಸಿರಿಂಜಿನ ಗೆರೆ ಸರಿಯಾಗಿಯೇ ಕಾಣುತ್ತದೆ. ಇದನ್ನು ನಿನಗೆ ಹೇಳುತ್ತಿದ್ದೇನೋ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೋ ತಿಳಿಯದು.

ಆತುರ ಮಾಡಬೇಡ. ಬೇಗ ಬರೆ.

ಮಾವ


ಮೇ ೧೦

ಮಾವನಿಗೆ,

ಆರೂ ಸ್ಲೈಡು ಕೆಲಸಕ್ಕೆ ಬಂದವು. ಒಂದರ ಮೂಲೆ ಅಂಚೆಯಲ್ಲಿ ಒಡೆದಿತ್ತು, ತೊಂದರೆಯಾಗಲಿಲ್ಲ. ಗೆಳತಿ ಜೀನು ಓದಿ ಕೊಟ್ಟಳು. ಮಾದರಿಯ ಪಕ್ಕದಲ್ಲಿಟ್ಟು ನೋಡಿದವಳು ನಾನು.

ಎರಡು ಸ್ಲೈಡುಗಳಲ್ಲಿ, ಔಷಧ ಕೂರುವ ಜಾಗದಲ್ಲೇ, ಒಂದು ಅಕ್ಷರ ಮಾದರಿಗಿಂತ ಬೇರೆಯಾಗಿದೆ. ಔಷಧ ನಾಟದಿರಲು ಇದೇ ಕಾರಣ ಇರಬಹುದು. ಎರಡೂ ನೀವು ಬರೆದ ಆ ಹಿಂಡಿಯಮ್ಮನ ಹಸುಗಳವು.

ಉಳಿದ ನಾಲ್ಕರಲ್ಲಿ ಮಾದರಿಗೂ ಅವಕ್ಕೂ ವ್ಯತ್ಯಾಸ ಸೊನ್ನೆ.

ಈ ಪತ್ರವನ್ನು ಬರೆದು ಹರಿದು ಮತ್ತೆ ಬರೆದಿದ್ದೇನೆ. ಆ ನಾಲ್ಕರ ಬಗ್ಗೆ ಇನ್ನೂ ಏನಾದರೂ ಬರೆಯಬೇಕು ಅನಿಸುತ್ತದೆ, ಬರೆಯಲು ಏನೂ ಇಲ್ಲ. ಔಷಧ ಕೊಡುವುದು ತಡವಾದರೂ ದನ ಸಾಯುತ್ತದೆ, ಅದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ಅತ್ತೆಗೆ ನಮಸ್ಕಾರ ಹೇಳಿ.

ಉಣ್ಣಿ


ಮೇ ೨೨

ಉಣ್ಣಿಗೆ,

ನಿನ್ನ ಕಾಗದ ಕೈಗೆ ಬಂದ ಕೂಡಲೇ ಹಿಂಡಿಯಮ್ಮನ ಮನೆಗೆ ಹೋದೆ. ಬಾಗಿಲಲ್ಲೇ ನಿಂತು ವಿಷಯ ಹೇಳಿದೆ: ಕ್ರಿಮಿ ಬದಲಾಗಿದೆ, ಔಷಧ ಅದಕ್ಕೆ ನಾಟಲಿಲ್ಲ.

"ಹಾಗಂತ ಯಾರ್ ಹೇಳಿದ್ರು?"

"ನಮ್ಮಕ್ಕನ ಮಗಳು. ಕಂಪ್ಯೂಟರಿನಲ್ಲಿ ನೋಡಿದಾಳೆ."

"ಕಂಪ್ಯೂಟರ್ ಆಚೆಗಿಡಿ. ನೀವೇನ್ ಹೇಳ್ತೀರಿ? ನಿಮ್ಮ ತಪ್ಪಾ, ಅಲ್ವಾ?"

"ನನ್ನ ತಪ್ಪಲ್ಲ," ಎಂದೆ.

ಅವಳು ಒಳಗೆ ಹೋಗಿ ಕುರ್ಚಿ ತಂದು ಹಾಕಿದಳು. ಸೆರಗಿನಿಂದ ಅದನ್ನು ಒರೆಸಿ, "ಬೈದಿದ್ದೆಲ್ಲ ವಾಪಸ್ ತಗೊಂಡೆ ಡಾಕ್ಟ್ರೇ. ಬೇಕಾದಾಗ ಮತ್ತೆ ಕೊಡ್ತೀನಿ" ಅಂದಳು. ಇಬ್ಬರೂ ನಕ್ಕೆವು. ಅವಳು ಇನ್ನೊಂದು ಹಸು ಕಟ್ಟುವ ಯೋಚನೆಯಲ್ಲಿದ್ದಾಳೆ. ನೋಡಲು ಬರಬೇಕಂತೆ ನಾನು.

ನೀನು "ಇರಬಹುದು" ಎಂದು ಬರೆದಿದ್ದೆ. ಅವಳ ಬಾಗಿಲಿಗೆ ಹೋಗುವಷ್ಟರಲ್ಲಿ ಆ ಮಾತು ನನ್ನ ಬಾಯಿಂದ ಜಾರಿಹೋಗಿತ್ತು. ದಾರಿಯಲ್ಲಿ ಹಿಂದಿರುಗುವಾಗ ನೆನಪಾಯಿತು.

ನಾಲ್ಕು ನನ್ನ ತಲೆಗೆ, ಹಾಗಾದರೆ. ಆ ನಾಲ್ಕು ಮನೆಯವರ ಮುಖ ಒಂದೊಂದಾಗಿ ಕಣ್ಣ ಮುಂದೆ ಬರುತ್ತದೆ. ಔಷಧ ತಡವಾಗಿರಲಿಲ್ಲ, ಉಣ್ಣಿ. ನನಗೆ ಸಮಾಧಾನ ಹೇಳಲು ಹೋಗಬೇಡ.

ಇನ್ನೊಂದು ಮಾತು, ಸುಮ್ಮನೆ ಕೇಳುತ್ತಿದ್ದೇನೆ. ಯಾವ ಸ್ಲೈಡು ಕಂಡರೂ ನನಗೆ ಅದರ ಹಿಂದಿನ ದನ ನೆನಪಾಗುತ್ತದೆ: ಬಣ್ಣ, ಕೊಂಬು, ಒದೆಯುವ ಸ್ವಭಾವ. ನಿಮ್ಮ ಆ ಮಾದರಿ ಕ್ರಿಮಿ ಇದೆಯಲ್ಲ, ಅದೂ ಎಲ್ಲೋ ಒಂದು ದನದ ರಕ್ತದಲ್ಲಿ ಇದ್ದದ್ದೇ ತಾನೇ? ಅದು ಹಸುವೋ, ಎತ್ತೋ, ಕರುವೋ? ಅದಕ್ಕೆ ಏನು ಚಿಕಿತ್ಸೆ ಮಾಡಿದರು? ಬದುಕಿತೇ? ರೋಗಿಯ ಹಿಂದುಮುಂದು ಕೇಳದೆ ನನಗೆ ಯಾವುದೂ ತಲೆಗೆ ಹತ್ತುವುದಿಲ್ಲ. ಗೊತ್ತಿಲ್ಲದಿದ್ದರೆ ಬಿಡು.

ಮಾವ


ಜೂನ್ ೮

ಮಾವ,

ನಿಮ್ಮ "ಸುಮ್ಮನೆ" ಪ್ರಶ್ನೆ ನನ್ನ ಒಂದು ವಾರವನ್ನು ನುಂಗಿತು.

ಮಾದರಿಯ ಪುಟದಲ್ಲಿ "ಎಲ್ಲಿಂದ ಪಡೆದದ್ದು" ಎಂಬಲ್ಲಿ "ಕರು" ಎಂದಷ್ಟೇ ಇದೆ. ಚಿಕಿತ್ಸೆ ಎಂಬ ಜಾಗ ಖಾಲಿ. ಬದುಕಿತೋ ಇಲ್ಲವೋ ಎಂದು ಕೇಳುವ ಜಾಗವೇ ನಮ್ಮಲ್ಲಿಲ್ಲ. ಈ ಪುಟವನ್ನು ನಾನು ದಿನಾ ತೆರೆಯುತ್ತೇನೆ. ಆ ಖಾಲಿ ಜಾಗ ಒಂದು ದಿನವೂ ಕಣ್ಣಿಗೆ ಚುಚ್ಚಿರಲಿಲ್ಲ.

ಕರುವಿನ ಬಗ್ಗೆ ಬೇರೆ ಕಡೆ ಏನಾದರೂ ಸಿಕ್ಕೀತೆಂದು ಅದೇ ಜಾತಿಯ ಬೇರೆ ಕ್ರಿಮಿಗಳ ಪುಟಗಳನ್ನು ಒಂದೊಂದಾಗಿ ತೆರೆಯುತ್ತಾ ಹೋದೆ. ಮೂವತ್ತಕ್ಕಿಂತ ಹೆಚ್ಚಿವೆ, ಬೇರೆ ಬೇರೆ ಕಡೆಯವು. ಕೆಲವನ್ನು ಈ ಔಷಧ ಹುಟ್ಟುವ ಮುಂಚೆಯೇ ಸಂಗ್ರಹಿಸಿದ್ದರು. ತೆರೆದೇ ಇದ್ದೇನಲ್ಲ ಎಂದು ಔಷಧ ಕೂರುವ ಆ ಜಾಗವನ್ನೂ ನೋಡಿದೆ. ಒಂದೆರಡು ಬಿಟ್ಟರೆ ಎಲ್ಲದರಲ್ಲೂ ಇರುವುದು ಹಿಂಡಿಯಮ್ಮನ ಹಸುಗಳ ಕ್ರಿಮಿಯಲ್ಲಿದ್ದ ಅಕ್ಷರವೇ! ಕುರಿಗೆ ಬರುವ ಹತ್ತಿರದ ಜಾತಿಯಲ್ಲೂ ಅದೇ. ಊರಿಗೆಲ್ಲ ಒಂದು ದಾರಿ, ಮಾದರಿಗೆ ಇನ್ನೊಂದು. ನಮ್ಮ ತಂತ್ರಾಂಶ ಮಾತ್ರ ಇಡೀ ಊರನ್ನು "ಬೇರೆ" ಎಂದು ಗುರುತು ಹಾಕಿ ತೋರಿಸುತ್ತಿದೆ.

ಗೆಳತಿಯನ್ನು ಮೇಲಕ್ಕೆ ಕರೆದು ತೋರಿಸಿದೆ. ಅವಳು ಒಂದೊಂದು ಪುಟದಲ್ಲೂ ಆ ಅಕ್ಷರದ ಮೇಲೆ ಬೆರಳಿಟ್ಟು ನೋಡಿದಳು. ಆಮೇಲೆ, "ಮಾದರಿ ಅಂತ ಕರೆದದ್ದು ನಾವು ಕಣೇ. ಮೊದಲು ಓದಿದ್ದು ಅದನ್ನ, ಅದಕ್ಕೆ ಅದು ಮಾದರಿ. ಅದೇ ಸರಿ ಅಂತ ಯಾರು ಹೇಳಿದ್ರು?" ಅಂದಳು.

ಆ ಕ್ರಿಮಿಯನ್ನು ಸಾಕಿ ಓದಿದ ತಂಡದ ಮುಖ್ಯಸ್ಥೆ ನಿವೃತ್ತರಾಗಿದ್ದಾರೆ. ವಿಳಾಸ ಹುಡುಕಿ, ನೀವು ಕೇಳಿದ ಪ್ರಶ್ನೆಗಳನ್ನೇ ಬರೆದು ಕಳಿಸಿದ್ದೇನೆ. ಉತ್ತರ ಬರುವ ತನಕ ಯಾರಿಗೂ ಏನೂ ಹೇಳಬೇಡಿ, ಮಾವ. ಹಿಂಡಿಯಮ್ಮನಿಗಂತೂ ಬೇಡ. ಮಾದರಿಯೇ ಔಷಧ ನಾಟದ ಕ್ರಿಮಿಯಾಗಿದ್ದರೆ ನಾನು ಬರೆದದ್ದೆಲ್ಲ ತಲೆಕೆಳಗಾಗುತ್ತದೆ. ಮಾದರಿಯಂತೆಯೇ ಇರುವ ನಾಲ್ಕಕ್ಕೆ ಔಷಧ ನಾಟದೆ ಹೋಗಿರುತ್ತದೆ. ಬೇರೆಯಾಗಿರುವ ಆ ಎರಡಕ್ಕೆ ನಾಟಬೇಕಾಗಿತ್ತು.

ಉಣ್ಣಿ


ಜೂನ್ ೨೬

ಪ್ರಿಯ ಕಿರಿಯ ಸಹೋದ್ಯೋಗಿಗೆ,

ನಿನ್ನ ಪತ್ರ ತಲುಪಿತು. ನಾನೀಗ ಕುಂಡದ ಗಿಡಗಳಿಗೆ ನೀರು ಹಾಕುವುದು ಬಿಟ್ಟರೆ ಬೇರೆ ಯಾವ ಸಂಶೋಧನೆಯನ್ನೂ ಮಾಡುವುದಿಲ್ಲ. ಅದರಲ್ಲೂ ಫಲಿತಾಂಶ ಅಷ್ಟಕ್ಕಷ್ಟೆ.

ಆ ಕರು ಬದುಕಲಿಲ್ಲ. ಕೆಂಪು ಬಣ್ಣ, ಹಣೆಯ ಮೇಲೆ ಬಿಳಿ ಚುಕ್ಕೆ. ಔಷಧ ಆಗ ಹೊಸದು. ಒಂದು ಹಟ್ಟಿಯಲ್ಲಿ ಹಲವು ಕರುಗಳಿಗೆ ಜ್ವರ ಬಂದು, ಎಲ್ಲಕ್ಕೂ ಕೊಟ್ಟರು. ಉಳಿದವು ಗುಣವಾದವು. ಇದಕ್ಕೆ ಎರಡು ಸಲ ಕೊಟ್ಟರು. ಜ್ವರ ಇಳಿಯಿತು, ಮತ್ತೆ ಏರಿತು.

ಬರಹ ಓದಲು ನಮಗೆ ರಕ್ತದಲ್ಲಿ ಕ್ರಿಮಿ ತುಂಬಿರಬೇಕಿತ್ತು. ಗುಣವಾದ ಕರುಗಳಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. ಇದರಲ್ಲಿ ಗಿಜಿಗುಡುತ್ತಿದ್ದವು. ಹಾಗಾಗಿ ಇದರದ್ದನ್ನೇ ತೆಗೆದುಕೊಂಡೆವು. ಸಾಯುತ್ತಿದ್ದ ಕರುವಿನ ಪಕ್ಕ ನಿಂತು "ಎಷ್ಟು ಒಳ್ಳೆಯ ಸ್ಯಾಂಪಲ್!" ಎಂದು ಖುಷಿಪಟ್ಟಿದ್ದು ನೆನಪಿದೆ. ಒಡೆಯ ನಮ್ಮ ಮುಖವನ್ನೇ ನೋಡಿದ. ಔಷಧ ನಾಟದ ಕ್ರಿಮಿ ಎಂಬುದೊಂದು ಇರುತ್ತದೆಂದು ಆಗ ಯಾರ ತಲೆಯಲ್ಲೂ ಇರಲಿಲ್ಲ, ಆದ್ದರಿಂದ ಔಷಧದ ವಿಷಯ ಬರೆಯಬೇಕೆಂದೂ ತೋಚಲಿಲ್ಲ. ಆಮೇಲೆ ಜಗತ್ತೆಲ್ಲ ಆ ಬರಹವನ್ನು ಬಳಸಿತು. ಕರುವಿನ ಬಗ್ಗೆ ಯಾರೂ ಕೇಳಲಿಲ್ಲ. ನೀನೇ ಮೊದಲಿಗಳು. ನಿನಗಾದರೂ ಈ ಪ್ರಶ್ನೆ ಹೇಗೆ ಹೊಳೆಯಿತು?

ಆದರೆ ನನ್ನ ನೆನಪನ್ನು ನಂಬಿ ಏನನ್ನೂ ಬರೆಯಬೇಡ. ಆ ಕ್ರಿಮಿ ಇರುವ ಕೋಶಗಳು ನಮ್ಮ ಹಳೆಯ ಲ್ಯಾಬಿನ ಫ್ರೀಜರಿನಲ್ಲಿ ಇನ್ನೂ ಇವೆ. ತರಿಸಿಕೊಂಡು, ಕರಗಿಸಿ, ಬೆಳೆಸಿ, ಔಷಧ ಹಾಕಿ ನೋಡು. ಫಲಿತಾಂಶ ನನಗೂ ತಿಳಿಸು. ಈ ವಯಸ್ಸಿನಲ್ಲಿ ಕಾಯಲು ಒಂದು ವಿಷಯ ಸಿಕ್ಕಿತು.

ಶುಭ ಹಾರೈಸುವ
ಹಿರಿಯ ಸಹೋದ್ಯೋಗಿ


ಆಗಸ್ಟ್ ೩೦

ಮಾವನಿಗೆ,

ಇಷ್ಟು ದಿನ ಬರೆಯದ್ದಕ್ಕೆ ಕಾರಣ ಕೋಶಗಳು. ಅವನ್ನು ಅವಸರ ಮಾಡಿಸಲಾಗುವುದಿಲ್ಲ. ಫ್ರೀಜರಿನಿಂದ ಬಂದ ಮೊದಲ ಸೀಸೆ ಬೆಳೆಯಲೇ ಇಲ್ಲ. ಎರಡನೆಯದು ಬೆಳೆಯಿತು.

ಕರು ಬದುಕಲಿಲ್ಲ, ಮಾವ. ಈ ಔಷಧವನ್ನೇ ಎರಡು ಸಲ ಕೊಟ್ಟಿದ್ದರಂತೆ.

ಗೆಳತಿ ಎರಡು ಬಗೆಯ ಕ್ರಿಮಿಗೆ ಒಂದೇ ಪ್ರಮಾಣದ ಔಷಧ ಹಾಕಿದಳು. ಒಂದು ಮಾದರಿಯದು. ಇನ್ನೊಂದು ಬೇರೆಡೆಯಿಂದ ತರಿಸಿದ್ದು, ಅದರಲ್ಲಿ ಹಿಂಡಿಯಮ್ಮನ ಹಸುಗಳಲ್ಲಿದ್ದ ಅಕ್ಷರವೇ ಇದೆ. ಆ ಇನ್ನೊಂದು ಸತ್ತಿತು. ಮಾದರಿಯದು ಏನೂ ಆಗದವರ ಹಾಗೆ ಬೆಳೆಯುತ್ತಾ ಹೋಯಿತು. ನಂಬಿಕೆ ಬಾರದೆ ಮತ್ತೊಮ್ಮೆ ಮಾಡಿದಳು. ಅದೇ ಉತ್ತರ.

ಹಾಗಾಗಿ ನಿಮ್ಮ ಆರು ದನಗಳಲ್ಲಿ ನಾಲ್ಕರ ಕ್ರಿಮಿಗೆ ಈ ಔಷಧ ಸರಿಯಾಗಿ ನಾಟುವುದಿಲ್ಲ, ಯಾರ ಕೈಯಿಂದ ಚುಚ್ಚಿದರೂ. ಸಭೆಗೆ ಒಪ್ಪಿಸಲು ಸಹಿ ಮಾಡಿದ ವರದಿ ಇದರ ಜೊತೆಗಿದೆ. ನೀವು ಕೊಟ್ಟ ಡೋಸು ಸರಿಯಿತ್ತೆಂದು ವರದಿ ಹೇಳುವುದಿಲ್ಲ, ಅದನ್ನು ಪರೀಕ್ಷಿಸಲು ನಮ್ಮಿಂದ ಆಗದು. ಆದರೆ ಆರರಲ್ಲಿ ನಾಲ್ಕು ಎಂಬುದು ದೊಡ್ಡ ಮಾತು. ಅಧ್ಯಕ್ಷರಿಗೆ ಅಷ್ಟು ಸಾಕಾಗುತ್ತದೆ.

ಉಳಿದ ಎರಡರ ಬಗ್ಗೆ ಸಭೆಯಲ್ಲಿ ಯಾರೂ ಕೇಳಲಾರರು. ವರದಿಯಲ್ಲಿ ಅದು ಕೊನೆಯ ಸಾಲು. ಆ ಸಾಲು ಬೇಕೇ ಎಂದು ಗೆಳತಿ ಕೇಳಿದಳು. ಬೇಕು ಎಂದೆ. ಆ ಎರಡಕ್ಕೆ ಔಷಧ ನಾಟಬೇಕಿತ್ತು. ಯಾಕೆ ನಾಟಲಿಲ್ಲವೋ ನನ್ನ ಕಂಪ್ಯೂಟರಿಗೆ ಗೊತ್ತಿಲ್ಲ. ಮೇ ತಿಂಗಳಿನಲ್ಲಿ ಅಷ್ಟು ಬೇಗ ಬರೆದು ನಿಮ್ಮನ್ನು ಆ ಬಾಗಿಲಿಗೆ ಕಳಿಸಿದವಳು ನಾನು. ಈಗ ಏನು ಮಾಡಬೇಕೆಂದು ಹೇಳುವ ಹಕ್ಕು ನನಗಿಲ್ಲ.

ಮಾದರಿಯ ಪುಟದಲ್ಲಿ ಈಗ ಟಿಪ್ಪಣಿ ಸೇರಿಸಿದ್ದೇವೆ: "ಮೂಲ ಕರುವಿಗೆ ಈ ಔಷಧ ಕೊಡಲಾಗಿತ್ತು, ಕರು ಬದುಕಲಿಲ್ಲ. ಈ ಜಾಗದಲ್ಲಿ ಮಾದರಿಯೊಂದಿಗೆ ವ್ಯತ್ಯಾಸವಿಲ್ಲ ಎಂದರೆ ಔಷಧ ನಾಟುತ್ತದೆ ಎಂದರ್ಥವಲ್ಲ." ಅದು ಪ್ರಕಟವಾದ ವಾರದಲ್ಲೇ ಬೇರೆ ಬೇರೆ ಕಡೆಯ ಮೂವರು ಬರೆದರು. ಅವರಿಗೂ ಹಿಂದೆ "ವ್ಯತ್ಯಾಸ ಸೊನ್ನೆ" ಬಂದಿತ್ತಂತೆ, ತಮ್ಮ ಹಳೆಯ ಫಲಿತಾಂಶಗಳನ್ನು ಮತ್ತೆ ತೆಗೆದು ನೋಡುತ್ತಿದ್ದಾರೆ.

ನಿಮ್ಮ
ಉಣ್ಣಿ


ಸೆಪ್ಟೆಂಬರ್ ೧೯

ಉಣ್ಣಿಗೆ ಆಶೀರ್ವಾದ.

ನಿನ್ನ ಕಾಗದವನ್ನು ನಿಮ್ಮತ್ತೆ ಜೋರಾಗಿ ಓದಿದಳು, ಆಮೇಲೆ ನಾನು ಮನಸ್ಸಿನಲ್ಲೇ ಓದಿಕೊಂಡೆ. "ನಾಲ್ಕು ತೊಳೆದುಹೋಯ್ತಲ್ಲ, ಸುಮ್ನಿರಿ" ಅಂದಳು ಅವಳು. ಸುಮ್ಮನಿರಲು ನೋಡಿದೆ. ಆಗಲಿಲ್ಲ. ಎರಡು ಯಾಕೆ ಸತ್ತವು?

ಮಾರನೆಯ ದಿನ ಸಂಘದ ಡಾಕ್ಟರಮ್ಮನ ಹತ್ತಿರ ಹೋದೆ. ವರದಿ ಕೊಟ್ಟೆ. ಅವಳು ನಿಂತಲ್ಲೇ ಓದಿ, "ನಾನು ಔಷಧಿ ಸರಿಯಾಗಿದೆ ಅಂದಿದ್ದೆ," ಅಂದಳು. ನಾನು, "ನಾನು ಡೋಸ್ ಸರಿಯಾಗಿದೆ ಅಂದಿದ್ದೆ" ಎಂದೆ. ಆಮೇಲೆ ಅವಳು ಕಪಾಟಿನಿಂದ ಒಂದು ಟೇಪು ತೆಗೆದಳು. ದನದ ಎದೆಯ ಸುತ್ತ ಹಿಡಿದರೆ ತೂಕ ತೋರಿಸುವಂಥದ್ದು. ನಾನು ಎಂದೂ ಅದನ್ನು ಮುಟ್ಟಿದವನಲ್ಲ, ಕಣ್ಣಳತೆಯಲ್ಲೇ ಬದುಕಿದವನು. ತೂಕಕ್ಕೆ ತಕ್ಕಷ್ಟು ಔಷಧ ತಾನೇ.

ಇಬ್ಬರೂ ಶೆಡ್ಡುಗಳ ಸಾಲಿಗೆ ಹೋದೆವು. ನಾನು ತೂಕ ಹೇಳುವುದು, ಅವಳು ಅಳೆಯುವುದು. ಸಣ್ಣ ದನಗಳಲ್ಲಿ ನಾನು ಹೇಳಿದ್ದೂ ಟೇಪು ಹೇಳಿದ್ದೂ ಒಂದೇ. ಅವಳಿಗೇ ಆಶ್ಚರ್ಯ. ದೊಡ್ಡ ಹಸುಗಳ ಹತ್ತಿರ ಬಂದಾಗ ತಪ್ಪಲು ಶುರುವಾಯಿತು. ಮುನ್ನೂರ ಇಪ್ಪತ್ತು ಕಿಲೋ ಎಂದು ನಾನು ಹೇಳಿದ ಹಸು ನಾನೂರು ದಾಟಿತ್ತು. ನಾನು ಕೆಲಸಕ್ಕೆ ಸೇರಿದಾಗ ಈ ಸಾಲಿನಲ್ಲಿ ಮುನ್ನೂರೈವತ್ತರ ಹಸು ಇದ್ದರೆ ಜನ ನಿಂತು ನೋಡುತ್ತಿದ್ದರು. ತಳಿ ಬದಲಾಯಿತು, ಮೇವು ಬದಲಾಯಿತು, ದನ ಬೆಳೆಯಿತು. ನನ್ನ ಕಣ್ಣು ಆಗಿನ ದನಗಳ ಮೇಲೆಯೇ ನಿಂತಿತ್ತು. ಸಾಲಿನಲ್ಲಿ ಎಲ್ಲರಿಗಿಂತ ದೊಡ್ಡ ಹಸು ಸಾಕಿದವಳು ಹಿಂಡಿಯಮ್ಮ.

ಅವಳು ಸಭೆಯಲ್ಲಿ ಇದನ್ನು ಕೇಳಿ ತಿಳಿಯಬಾರದು ಎಂದು ಮುಂಚೆಯೇ ಹೋದೆ. ಮೇ ತಿಂಗಳಿನಲ್ಲಿ ಹೇಳಿದ್ದು ಸುಳ್ಳಾಯಿತು, ಹಸುಗಳಿಗೆ ಔಷಧ ಕಡಿಮೆ ಕೊಟ್ಟಿದ್ದೆ ಎಂದೆ. ಅವಳು ಹಿಂಡಿ ಕಲಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಅವತ್ತೇ ಅಂದಿದ್ರೆ ಬೈದು ಸುಮ್ನಾಗ್ತಿದ್ದೆ. ಕುರ್ಚಿ ಹಾಕಿಸ್ಕೊಂಡು, ನಗಿಸಿ, ಈಗ ಬಂದು ಹೀಗಂದ್ರೆ ನಾನು ಯಾರ ಹತ್ರ ಜಗಳ ಆಡ್ಲಿ?"

"ನನ್ನ ಹತ್ರ ಆಡಿ."

"ಒಪ್ಕೊಂಡೋರ ಹತ್ರ ಏನ್ ಆಡೋದು? ಹೋಗಿ," ಅಂದಳು.

ಹೋದೆ.

ಸಭೆಯಲ್ಲಿ ವರದಿಯನ್ನು ಕೊನೆಯ ಸಾಲಿನವರೆಗೂ ಓದಿಸಿದೆ. ಟೇಪಿನ ವಿಷಯ ನಾನೇ ಹೇಳಿದೆ. ಹೊರಗೆ ಬಂದಾಗ ಅಧ್ಯಕ್ಷರು ಪಕ್ಕಕ್ಕೆ ಕರೆದು, "ನಾಲ್ಕು ಸಾಕಾಗಿತ್ತಲ್ಲ ಡಾಕ್ಟ್ರೇ. ಎರಡನ್ನ ಯಾಕ್ ಎಳ್ಕೊಂಡ್ರಿ?" ಅಂದರು. ನಾನು ಮುಂದೆಯೂ ದನ ನೋಡಲು ಬರಬಹುದಂತೆ. ಆದರೆ ಈ ಜ್ವರಕ್ಕೆ ಚುಚ್ಚುವಾಗ ತೂಕ ಅಳೆಯಲೇಬೇಕು, ಮೊದಲು ರಕ್ತ ನಿಮ್ಮ ಲ್ಯಾಬಿಗೆ ಹೋಗಬೇಕು, ಕೆಂಪು ಔಷಧ ನಾಟದ ಕಡೆ ಬೇರೆ ಯಾವುದು ಎಂದು ಡಾಕ್ಟರಮ್ಮ ಹೇಳಬೇಕು. ನಾಲ್ಕು ಮನೆಯವರಲ್ಲಿ ಇಬ್ಬರು ಬಂದು ಮಾತಾಡಿಸಿದರು. ಇಬ್ಬರು ಇನ್ನೂ ಇಲ್ಲ.

ಹಿಂಡಿಯಮ್ಮ ಸಭೆಯಲ್ಲಿ ಹಿಂದೆ ಕೂತಿದ್ದಳು, ಮಾತಾಡದೆ ಎದ್ದು ಹೋದಳು. ಅವಳ ಬಾಗಿಲು ಮುಚ್ಚಿತು ಅಂದುಕೊಂಡೆ. ನಿನ್ನೆ ಬೆಳಿಗ್ಗೆ ಹೇಳಿಕಳಿಸಿದಳು. ಕೊಟ್ಟಿಗೆಯಲ್ಲಿ ಹೊಸ ಹಸು ಕಟ್ಟಿತ್ತು. ನನ್ನನ್ನು ಕರೆಯದೆಯೇ ಕೊಂಡು ತಂದಿದ್ದಾಳೆ. ಹೆಗಲ ಮುಂದಿನ ಗಂಟು ಸ್ವಲ್ಪ ಊದಿದೆ, ಜ್ವರ ಇನ್ನೂ ಇಲ್ಲ. ಡಾಕ್ಟರಮ್ಮನೂ ಟೇಪು ಹಿಡಿದು ನನ್ನ ಜೊತೆಗಿದ್ದಳು. ಹಿಂಡಿಯಮ್ಮ ಅವಳ ಕಡೆ ನೋಡಲೇ ಇಲ್ಲ. ಕಂಬಕ್ಕೆ ಒರಗಿ ನಿಂತು, "ಇದರ ತೂಕ ಎಷ್ಟು, ಹೇಳಿ ನೋಡೋಣ" ಎಂದು ನನ್ನನ್ನೇ ಕೇಳಿದಳು.

ನೋಡಿದೆ. ಕತ್ತಲಲ್ಲಿ ನಿಂತಿತ್ತು, ಅಗಲವಾದ ಬೆನ್ನು. ಒಂದು ಅಂಕಿ ತಾನಾಗಿಯೇ ನಾಲಿಗೆಯ ತುದಿಗೆ ಬಂತು.

"ಗೊತ್ತಿಲ್ಲ," ಎಂದೆ.

ಅವಳು ಹಗ್ಗ ಬಿಚ್ಚಿ, ಹಸುವನ್ನು ಬೆಳಕಿಗೆ ಎಳೆದು ತಂದಳು.

ನಿನ್ನ
ಮಾವ